ಆಷಾಢದ ಬೆಳೆ, ಸಿಂಚನಳ ಹೇಳಿಕೆ

ನಮ್ಮಣ್ಣನ ಕೇಸಿನ ಮಾತು ಬಂದಾಗಲೆಲ್ಲ ನಮ್ಮೂರಿನ ಹಾಲಿನ ಡೇರಿಯ ಮುಂದೆ ಒಂದೇ ತೀರ್ಪು ಹೊರಬೀಳುತ್ತದೆ. ಕ್ಯಾನು ಹಿಡಿದು ನಿಂತವರಲ್ಲಿ ಯಾರಾದರೊಬ್ಬರು ಶುರು ಮಾಡುತ್ತಾರೆ: "ಲಾ ಎಲ್ಲಾ ಹೆಂಗಸ್ರ ಕಡೀಕೇ ಕಣ್ಲಾ. ಅಪ್ಪ ಅನ್ನೋನ್ಗೆ ಕೋರ್ಟಲ್ಲಿ ಏನೈತೆ? ಒಂದು ರೇಷ್ಮೆ ಹುಳದ ಬೆಳೆ ನೆವ ಮಾಡ್ಕೊಂಡು ಮಯೇಶನ್ನ ಮಗಳಿಂದ ದೂರ ಮಾಡ್ಬುಟ್ರು." ಉಳಿದವರು ತಲೆಯಾಡಿಸುತ್ತಾರೆ. ನಾನು ಅಲ್ಲಿದ್ದರೆ ನನ್ನ ಕಡೆ ಮರುಕದಿಂದ ನೋಡುತ್ತಾರೆ. ಲಾ ಓದಿದ ತಂಗಿ ಮನೆಯಲ್ಲೇ ಇದ್ದರೂ ಏನೂ ಮಾಡಲಾಗಲಿಲ್ಲ, ಪಾಪ, ಎನ್ನುವ ಮರುಕ.

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಕಾನೂನು ಹೆಂಗಸರ ಕಡೆ ಎನ್ನುವವರು ಅದನ್ನು ಒಮ್ಮೆ ಓದಲಿ. ಹಿಂದೂ ಮಗುವಿನ ಸಹಜ ಪೋಷಕ ಎಂದು ಅದು ಮೊದಲು ಹೆಸರಿಸುವುದು ತಂದೆಯನ್ನೇ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ, ನಿಜ. ಆದರೆ ಅಣ್ಣನ ಮಗಳು ಸಿಂಚನಳಿಗೆ ಆಗ ಆರು ದಾಟಿತ್ತು. ಅಲ್ಲಿಂದಾಚೆಗೆ ಕೋರ್ಟು ನೋಡುವುದು ಮಗುವಿನ ಹಿತ ಎಲ್ಲಿದೆ ಎಂಬುದನ್ನು. ಅಪ್ಪನ ಹಕ್ಕು, ಅಮ್ಮನ ಹಕ್ಕು ಎರಡೂ ಅದರ ಕೆಳಗೆ. ಆ ಹಿತ ನಮ್ಮ ಮನೆಯಲ್ಲೂ ಇದೆ ಎಂದು ತೋರಿಸುವ ಅವಕಾಶ ನಮಗೆ ಸಿಕ್ಕಿತ್ತು. ಸಿಕ್ಕಿದ್ದನ್ನು ಏನು ಮಾಡಿಕೊಂಡಿರಿ ಎಂದು ಡೇರಿಯ ಮುಂದೆ ಯಾರೂ ಕೇಳುವುದಿಲ್ಲ. ಕೇಳದೇ ಇರುವುದರಿಂದ ನನಗೆ ಅನುಕೂಲವೇ. ಆ ಅನುಕೂಲವೇ ನನ್ನನ್ನು ನೆಟ್ಟಗೆ ಕೂರಲು ಬಿಡುತ್ತಿಲ್ಲ.

ಮೊನ್ನೆ ದಸರಾ ರಜೆಗೆ ಸಿಂಚನ ಬಂದಿದ್ದಳು. ಅವಳಿಗೆ ಈಗ ಒಂಬತ್ತು ವರ್ಷ. ಬ್ಯಾಗು ಜಗಲಿಯ ಮೇಲಿಟ್ಟವಳೇ ಹಿತ್ತಲಿನ ಹುಳುಮನೆಯ ಕಡೆ ಓಡಿದಳು. ಬಾಗಿಲ ಬಳಿ ಎಂದಿನ ವಾಸನೆ: ಸುಣ್ಣ, ಬ್ಲೀಚಿಂಗ್ ಪೌಡರು, ಆಗಷ್ಟೇ ಕತ್ತರಿಸಿದ ಹಿಪ್ಪುನೇರಳೆ ಸೊಪ್ಪು. ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡಳು. ಆಮೇಲೆ ಎರಡೂ ಅಂಗೈಗಳನ್ನು ಮೂಗಿನ ಹತ್ತಿರ ತಂದು ಮೂಸಿದಳು. ಮಣಿಕಟ್ಟು ಮೂಸಿದಳು. ಫ್ರಾಕಿನ ಕೊರಳನ್ನು ಎಳೆದು ಅದನ್ನೂ ಮೂಸಿ ನೋಡಿ, ಸರಿಯಿದೆ ಎನಿಸಿದ ಮೇಲೆ ಒಳಗೆ ಹೋದಳು. ಯಾರೂ ಹೇಳಿರಲಿಲ್ಲ. ಸೊಪ್ಪಿನ ಮಂಕರಿ ಹಿಡಿದು ಹಿಂದೆ ನಿಂತಿದ್ದ ನನಗೆ ಮೂರು ವರ್ಷದ ಹಿಂದಿನ ಆಷಾಢ ನೆನಪಾಯಿತು.

ಆ ಆಷಾಢದಲ್ಲಿ ನಾನು ಲಾ ಕಾಲೇಜಿನ ಕೊನೆಯ ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಾ ಮನೆಯಲ್ಲಿದ್ದೆ. ಕೈಲಾಂಚದ ಕಡೆಯ ನಮ್ಮೂರಿನಲ್ಲಿ ಆಷಾಢವೆಂದರೆ ಗಾಳಿ. ಮಳೆ ಬಂದೆ ಬಂದೆ ಎಂದು ಹೆದರಿಸಿ, ನಾಲ್ಕು ಹನಿ ಉದುರಿಸಿ ಕನಕಪುರದ ಕಡೆ ಹೋಗಿಬಿಡುತ್ತದೆ. ಆ ನಾಲ್ಕು ಹನಿಯೇ ತಲೆನೋವು. ಒದ್ದೆ ಸೊಪ್ಪು ತಿಂದರೆ ಹುಳಕ್ಕೆ ರೋಗ. ಅಣ್ಣ ಕೊಯ್ದ ಸೊಪ್ಪನ್ನು ನಡುಮನೆಯಲ್ಲಿ ಹರಡಿ, ಫ್ಯಾನು ಹಾಕಿ, ಅದನ್ನು ತಿರುವಿ ಹಾಕುತ್ತಾ ಕೂರುತ್ತಿದ್ದ. ನಾನು ಅದೇ ಸೊಪ್ಪಿನ ನಡುವೆ ಜಾಗ ಮಾಡಿಕೊಂಡು ಅವನ ಕೇಸಿನ ಫೈಲು ಓದುತ್ತಿದ್ದೆ.

ಬಿಡುಗಡೆಗೆ, ಅಂದರೆ ವಿಚ್ಛೇದನಕ್ಕೆ, ಅಣ್ಣ, ಅತ್ತಿಗೆ ಇಬ್ಬರೂ ಒಪ್ಪಿದ್ದರು. ಸವಿತಾ ಅತ್ತಿಗೆ ಚನ್ನಪಟ್ಟಣದವರು, ಅಲ್ಲೇ ಒಂದು ಶಾಲೆಯಲ್ಲಿ ಟೀಚರ್. ಹುಳುಮನೆಯ ಬ್ಲೀಚಿಂಗ್ ಪೌಡರಿಗೆ ಅವರಿಗೆ ಉಬ್ಬಸ ಬರುತ್ತಿತ್ತು. ಅದೊಂದೇ ಕಾರಣವಲ್ಲ, ಆದರೆ ಉಳಿದ ಕಾರಣಗಳೆಲ್ಲ ಅದರ ಸುತ್ತಲೇ ಹುಟ್ಟಿಕೊಂಡವು. ಮದುವೆಯಾಗಿ ಬಂದ ಮೊದಲ ತಿಂಗಳು ಪೌಡರು ಹಚ್ಚಿ, ಹೂ ಮುಡಿದು, ಗಂಡ ಏನು ಕೆಲಸ ಮಾಡುತ್ತಾನೆಂದು ನೋಡಲು ಹುಳುಮನೆಗೆ ಹೋದವರನ್ನು ನಮ್ಮವ್ವ ಬಾಗಿಲಲ್ಲೇ ತಡೆದು ವಾಪಸು ಕಳಿಸಿದ್ದಳು. ಹುಳ ಸಾಕುವ ಮನೆಗಳಲ್ಲಿ ಇದು ಹೊಸದಲ್ಲ. ಊದುಬತ್ತಿ, ಸೆಂಟು, ಸೊಳ್ಳೆಬತ್ತಿ, ಬೀಡಿ ಯಾವುದೂ ಹತ್ತಿರ ಸುಳಿಯಬಾರದು. ನೆಂಟರು ಬಂದರೂ ಬಾಗಿಲಾಚೆಯೇ. ಅಷ್ಟು ವಿವರಿಸುವ ತಾಳ್ಮೆ ಅವ್ವನಿಗಿರಲಿಲ್ಲ. ಅತ್ತಿಗೆ ಮತ್ತೆ ಆ ಬಾಗಿಲಿಗೆ ಹೋಗಲಿಲ್ಲ.

ಒಪ್ಪಿಗೆಯಾಗದೆ ಉಳಿದದ್ದು ಮಗುವಿನ ವಿಷಯ ಮಾತ್ರ. ಸದ್ಯಕ್ಕೆ ಸಿಂಚನ ಅಮ್ಮನ ಬಳಿ ಇರಲಿ, ಹದಿನೈದು ದಿನಕ್ಕೊಂದು ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅಪ್ಪ ಕರೆದೊಯ್ಯಲಿ ಎಂದು ರಾಮನಗರದ ಕೋರ್ಟು ಹೇಳಿತ್ತು. ಅಣ್ಣ ಆ ಭಾನುವಾರಗಳನ್ನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟುಕೊಳ್ಳುತ್ತಿದ್ದ. ಹಸುವಿನ ಹಳೆಯ ಹಗ್ಗವನ್ನು ಮೂರು ಎಳೆ ಮಾಡಿ ಜಡೆ ಹಾಕುವುದನ್ನು ಕಲಿಯುತ್ತಿದ್ದ. ಇನ್ನೊಂದು ಅರ್ಜಿಯನ್ನೂ ಹಾಕಿಸಿದ್ದೆವು: ಶನಿವಾರ ರಾತ್ರಿ ಮಗು ಅಪ್ಪನ ಮನೆಯಲ್ಲಿ ಉಳಿಯಬೇಕು, ರಜೆಗಳಲ್ಲಿ ಅರ್ಧ ನಮಗೆ ಬೇಕು. ನಮ್ಮ ವಕೀಲರು, ವಯಸ್ಸಾದವರು, ಇದು ಸಿಕ್ಕರೆ ಮುಂದಿನದಕ್ಕೆ ಮೆಟ್ಟಿಲಾಗುತ್ತದೆ ಎಂದಿದ್ದರು. ಅಣ್ಣ ಅಷ್ಟು ದೂರದ ಲೆಕ್ಕ ಹಾಕುತ್ತಿರಲಿಲ್ಲ. ಅವಳು ಬೆಳಿಗ್ಗೆ ಎದ್ದ ತಕ್ಷಣದ ಮುಖ ನೋಡಿ ಒಂದು ವರ್ಷವಾಯಿತು, ಅದೊಂದು ಕೊಡಿಸಿಬಿಡಮ್ಮಿ ಎನ್ನುತ್ತಿದ್ದ.

ಕೊಡಿಸುತ್ತೇನೆ ಎಂದು ನಾನು ನಂಬಿದ್ದೆ. ಕಾಲೇಜಿನ ಐದು ವರ್ಷವೂ ನಾನು ಚರ್ಚಾ ಸ್ಪರ್ಧೆಗಳಿಗೆ ಹೋದವಳು. ಮಗುವಿನ ಪಾಲನೆಯಲ್ಲಿ ತಂದೆಗೂ ಸಮಾನ ಹಕ್ಕಿರಬೇಕು ಎಂಬ ವಿಷಯದ ಮೇಲೆ ಒಂದು ಸಲ ಪರವಾಗಿ, ಇನ್ನೊಂದು ಸಲ ವಿರೋಧವಾಗಿ ಮಾತಾಡಿ ಎರಡೂ ಕಡೆ ಬಹುಮಾನ ತಂದಿದ್ದೆ. ಎರಡೂ ಕಡೆ ಗೆದ್ದವಳಿಗೆ ಈ ವಿಷಯದಲ್ಲಿ ಇನ್ನು ತಿಳಿಯಬೇಕಾದದ್ದು ಏನಿದೆ?

ಆ ತಿಂಗಳ ಮೊದಲ ಭಾನುವಾರ ಬಂದಾಗ ಹುಳ ಮೂರನೇ ಜ್ವರದಿಂದ ಎದ್ದಿತ್ತು. ಪೊರೆ ಬಿಡುವ ಮುಂಚೆ ಹುಳ ತಿನ್ನುವುದು ಬಿಟ್ಟು ಮಂಕಾಗಿ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಎದ್ದ ಹುಳ ಹಸಿದಿರುತ್ತದೆ. ಸೊಪ್ಪು ಹಾಕಿದರೆ ಸಣ್ಣ ಮಳೆ ಬಿದ್ದಂತೆ ಸದ್ದು. ಆ ಸದ್ದು ಕೇಳಬೇಕೆಂದು ಸಿಂಚನ ಅಣ್ಣನ ಬೈಕಿನಿಂದ ಇಳಿದವಳೇ ಹುಳುಮನೆಗೆ ಓಡಿದಳು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಒಳೀಕೆ ಬರ್ಬ್ಯಾಡ, ನಿಂತ್ಕೊ ಅಲ್ಲೇ. ಮೈಯೆಲ್ಲಾ ನಿಮ್ಮವ್ವನ ವಾಸ್ನೆ. ಈ ವಾಸ್ನೆಗೆ ಹುಳ ಬದುಕ್ತವಾ? ಎಲ್ಲಾ ಸತ್ತೋಯ್ತವೆ."

ಮಗುವಿನ ಕತ್ತಿಗೆ ದಪ್ಪಗೆ ಪೌಡರು ಬಳಿದಿತ್ತು, ಅದು ನಿಜ. ಅವ್ವ ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಸೋಪು ಹಾಕದೆ ಬರೀ ಬಿಸಿನೀರಲ್ಲಿ ಮೀಯಿಸಿ, ಟ್ರಂಕಿನಿಂದ ನನ್ನದೊಂದು ಹಳೆಯ ಲಂಗ ತೆಗೆದು ಉಡಿಸಿದಳು. ಅಣ್ಣ ಹಗ್ಗದ ಮೇಲೆ ಕಲಿತ ಜಡೆ ಹಾಕಿದ. ಸಿಂಚನ ಅವತ್ತೆಲ್ಲ ಒಳಗೇ ಇದ್ದಳು, ತಟ್ಟೆಗಳಿಗೆ ಸೊಪ್ಪು ಹಾಕಿದಳು, ಹುಳವನ್ನು ಅಂಗೈ ಮೇಲೆ ಹತ್ತಿಸಿಕೊಂಡಳು. ಸಂಜೆ ಹೊರಡುವಾಗ ನನ್ನನ್ನು ಒಂದು ಮಾತು ಕೇಳಿದಳು. "ಅತ್ತೆ, ಅಮ್ಮನ ವಾಸನೆಗೆ ಹುಳ ನಿಜವಾಗ್ಲೂ ಸತ್ತೋಗ್ತವಾ?" ಯಾವುದೇ ಗಾಢ ವಾಸನೆಯೂ ಹುಳಕ್ಕೆ ಒಳ್ಳೆಯದಲ್ಲ ಎಂದು ನಾನು ಒಂದು ಸಣ್ಣ ಭಾಷಣ ಮಾಡಿದೆ. ಅವಳು ಕೇಳಿದ್ದಕ್ಕೆ ಅದು ಉತ್ತರವೇ ಆಗಿರಲಿಲ್ಲ.

ಬೇರೆ ಬಟ್ಟೆ, ಸೊಟ್ಟ ಜಡೆ, ತೊಳೆದ ಮೈ. ಮಗಳು ಮನೆಗೆ ಹೋಗಿ ಆ ಪ್ರಶ್ನೆಯನ್ನು ಅಮ್ಮನಿಗೂ ಕೇಳಿರಬೇಕು. ನಾಲ್ಕು ದಿನದಲ್ಲಿ ನಮ್ಮ ಅರ್ಜಿಗೆ ಅತ್ತಿಗೆಯ ಕಡೆಯ ಆಕ್ಷೇಪಣೆ ಬಂತು. ಅದರಲ್ಲಿ ಒಂದು ಪ್ಯಾರಾ: ತಾಯಿಯ ವಾಸನೆಯಿಂದ ಸಾವು ಬರುತ್ತದೆ ಎಂದು ಮಗುವಿಗೆ ಹೇಳಿ, ಅಪವಿತ್ರವಾದಂತೆ ಅದರ ಮೈ ತೊಳೆದು, ತಾಯಿ ಉಡಿಸಿದ ಬಟ್ಟೆ ತೆಗೆಸಿ ಒಳಗೆ ಬಿಟ್ಟುಕೊಂಡಿದ್ದಾರೆ, ಇಂಥ ಮನೆಯಲ್ಲಿ ಮಗು ರಾತ್ರಿ ಉಳಿಯುವುದು ಅದರ ಹಿತಕ್ಕೆ ವಿರುದ್ಧ.

ಓದಿದಾಗ ನನಗೆ ನಗುವೇ ಬಂತು. ಎಂಥ ಸುಲಭದ ವಾದ! ರೇಷ್ಮೆ ಸಾಕುವ ಯಾರನ್ನು ಬೇಕಾದರೂ ಕೇಳಲಿ, ಸ್ವಚ್ಛತೆಯ ನಿಯಮ ಇದು. ಒಂದೊಂದು ಪದವನ್ನೂ ಎತ್ತಿ ಹೊಡೆಯಬಹುದು. ಸೊಪ್ಪಿನ ನಡುವೆ ಕುಳಿತು ಬರೆಯಲು ಶುರು ಮಾಡಿದೆ. ಅಣ್ಣ ಎಲೆ ತಿರುವಿ ಹಾಕುತ್ತಲೇ ಹೇಳಿದ.

"ಅವ್ವ ಹಂಗಂದಿದ್ದು ದಿಟ ತಾನೇ? ತಪ್ಪಾಯ್ತು, ಇನ್ಮ್ಯಾಕೆ ಹಂಗೆ ಆಡಕ್ಕಿಲ್ಲ ಅಂತ ಬರ್ದುಬುಡಮ್ಮಿ."

"ತಪ್ಪು ಅಂತ ಒಪ್ಪಿಕೊಂಡರೆ ಅಲ್ಲಿಗೆ ಕೇಸು ಸೋತ ಹಾಗೆ."

"ಸವಿತಂಗೆ ಅದು ಹಳೇ ಗಾಯ ಕಣವ್ವ. ಅವ್ಳು ಹುಳದ ಮಾತಾಡ್ತಾ ಇಲ್ಲ."

ಕೋರ್ಟು ಸಾಕ್ಷಿ ನೋಡುತ್ತದೆ, ಗಾಯ ನೋಡುವುದಿಲ್ಲ ಎಂದೆ. ಅಣ್ಣ ಮತ್ತೆ ಸೊಪ್ಪು ತಿರುವತೊಡಗಿದ. ಹತ್ತನೇ ಕ್ಲಾಸಿಗೆ ಓದು ಬಿಟ್ಟವನು ಅವನು. ಓದಿದ ತಂಗಿಯ ಮುಂದೆ ತನ್ನ ಮಾತನ್ನು ತಾನೇ ಹಿಂತೆಗೆದುಕೊಳ್ಳುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇದೆ, ಅದರ ಲಾಭ ಪಡೆಯುವ ಅಭ್ಯಾಸ ನನಗೂ ಇದೆ. ಅವ್ವ ಹೇಳಿದ್ದು ಪೌಡರಿಗೋ ಸೊಸೆಗೋ ಎಂದು ನಾನು ಅವ್ವನನ್ನು ಕೇಳಲೂ ಇಲ್ಲ. ಕೇಳಿದರೆ ನಿಜ ಹೇಳಿಬಿಡುವವಳು ಅವಳು.

ನಾನು ಬರೆದದ್ದನ್ನು ವಕೀಲರು ಹೆಚ್ಚು ತಿದ್ದಲಿಲ್ಲ. ಮುಂದಿನ ಗುರುವಾರ ಉತ್ತರ ಸಲ್ಲಿಕೆಯಾಯಿತು. ಇಬ್ಬರ ಕಾಗದವನ್ನೂ ಓದಿದ ನ್ಯಾಯಾಧೀಶರು, ವಾಸನೆಯ ವಿಷಯ ಹಾಗಿರಲಿ, ಮಗುವಿನ ಜೊತೆ ನಾನೇ ಮಾತಾಡುತ್ತೇನೆ, ಸೋಮವಾರ ಕರೆತನ್ನಿ ಎಂದರು. ಆಮೇಲೆ ನನ್ನ ವಾದಗಳಿಗೆ ಕೆಲಸವೇ ಉಳಿಯಲಿಲ್ಲ. ಆರು ವರ್ಷದ ಹುಡುಗಿ ತನ್ನ ಬಾಯಲ್ಲಿ ಏನು ಹೇಳುತ್ತಾಳೋ ಅದರ ಮೇಲೆ ಅಣ್ಣನ ಶನಿವಾರಗಳು ನಿಂತವು.

ಸೋಮವಾರದ ಹಿಂದಿನ ದಿನವೇ ನಮ್ಮ ಭಾನುವಾರ. ಹುಳ ಹಣ್ಣಾದದ್ದೂ ಅವತ್ತೇ. ಮೈ ಹಳದಿ ತಿರುಗಿ, ತಿನ್ನುವುದು ಬಿಟ್ಟು, ತಲೆಯೆತ್ತಿ ನೂಲು ಬಿಡಲು ಜಾಗ ಹುಡುಕುತ್ತವೆ. ಆರಿಸಿ ಚಂದ್ರಿಕೆಯ ಮೇಲೆ ಬಿಡಬೇಕು, ಆ ಬಿದಿರಿನ ಸುತ್ತುಗಳಲ್ಲಿ ಅವು ಗೂಡು ಕಟ್ಟುತ್ತವೆ. ತಡ ಮಾಡಿದರೆ ನೂಲನ್ನು ಅಲ್ಲಿ ಇಲ್ಲಿ ಸುರಿದುಬಿಡುತ್ತವೆ. ಅಂಥ ದಿನ ಮನೆಯಲ್ಲಿ ಯಾರೂ ಕೈಕಟ್ಟಿ ನಿಲ್ಲುವಂತಿಲ್ಲ, ಅಂಗಳಕ್ಕೆ ಬಂದ ಅಕ್ಕಪಕ್ಕದವರನ್ನೂ ಎಳೆದುಕೊಳ್ಳುತ್ತಾರೆ. ಅಣ್ಣ, ಅವ್ವ, ಪಕ್ಕದ ಮನೆಯವರು ಎಲ್ಲ ಒಳಗಿದ್ದರು. ಸಿಂಚನ ತಾನೂ ಹಣ್ಣು ಹುಳ ಆರಿಸಬೇಕೆಂದು ಕುಣಿಯುತ್ತಿದ್ದಳು. ಅವತ್ತು ಅವಳ ಕತ್ತಿನಲ್ಲಿ ಪೌಡರಿರಲಿಲ್ಲ. ಅತ್ತಿಗೆಯೇ ಹಚ್ಚದೆ ಕಳಿಸಿದ್ದರು. ಅದು ಎಷ್ಟು ದೊಡ್ಡ ಮಾತೆಂದು ಅವತ್ತು ನನಗೆ ಹೊಳೆಯಲೇ ಇಲ್ಲ.

ನಾನು ಅವಳನ್ನು ಜಗಲಿಯಲ್ಲಿ ಕೂರಿಸಿಕೊಂಡೆ. ಐದೇ ನಿಮಿಷ ಎಂದೆ. ನಾಳೆ ಜಡ್ಜ್ ಕೇಳಿದರೆ ಏನು ಹೇಳುತ್ತೀ ಎಂದು ಕೇಳಿ, ಅವಳು ಬಾಯಿ ತೆರೆಯುವ ಮುಂಚೆಯೇ ಹೇಳಿಕೊಟ್ಟೆ. ಅಜ್ಜಿ ಹೇಳಿದ್ದು ಪೌಡರಿನ ಬಗ್ಗೆ ಮಾತ್ರ. ಅಪ್ಪನ ಮನೆ, ಅಮ್ಮನ ಮನೆ ಎರಡೂ ನನಗೆ ಸಮಾನ. ಶನಿವಾರ ಅಪ್ಪನ ಮನೆಯಲ್ಲಿ ಉಳಿಯಲು ನನಗೆ ಸಂಪೂರ್ಣ ಒಪ್ಪಿಗೆ ಇದೆ. ಕೈ ಹಿಂದೆ ಕಟ್ಟು, ಎದುರಿಗಿರುವವರ ಕಣ್ಣು ನೋಡು, ಪ್ರತಿ ಮಾತಿನ ಕೊನೆಗೆ ಉಸಿರು ತಗೋ. ಮೂರು ಸಲ ಹೇಳಿಸಿದೆ. ಒಳಗಿನಿಂದ ಅಣ್ಣ ಎರಡು ಸಲ ಕೂಗಿದ: "ಮಗೀನ ಕಳ್ಸಮ್ಮಿ, ಆರ್ಸಕ್ಕೆ ಆಸೆ ಪಡ್ತಾವ್ಳೆ." ಮೂರನೇ ಸಲ ಒಪ್ಪಿಸಿದ ಮೇಲೆ ಸಿಂಚನ ಕೇಳಿದಳು, "ಅತ್ತೆ, ನಾನು ಬೇರೆ ಹೇಳ್ಲಾ?"

"ಬೇಡ. ಇಷ್ಟೇ ಸಾಕು. ಇದು ಚೆನ್ನಾಗಿದೆ."

ಅವಳು ತಲೆಯಾಡಿಸಿ ಒಳಗೆ ಓಡಿದಳು.

ಮಗುವಿಗೆ ಹೇಳಿಕೊಡುವುದು ತಪ್ಪು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. ಆದರೆ ನಾನು ಸುಳ್ಳು ಹೇಳಿಸುತ್ತಿಲ್ಲವಲ್ಲ, ನಿಜವನ್ನು ಕ್ರಮವಾಗಿ ಹೇಳುವುದನ್ನು ಕಲಿಸುತ್ತಿದ್ದೇನೆ ಎಂದು ನನಗೆ ನಾನೇ ವಾದಿಸಿಕೊಂಡಿದ್ದೆ. ಆ ವಾದಕ್ಕೆ ಎದುರು ಪಕ್ಷವೇ ಇರಲಿಲ್ಲ, ಗೆದ್ದೆ.

ಸೋಮವಾರ ಕೋರ್ಟಿನಲ್ಲಿ ನ್ಯಾಯಾಧೀಶರು ಸಿಂಚನಳೊಬ್ಬಳನ್ನೇ ತಮ್ಮ ಕೋಣೆಗೆ ಕರೆಸಿಕೊಂಡರು. ಕಾರಿಡಾರಿನ ಈ ಬೆಂಚಿನಲ್ಲಿ ನಾವು, ಆ ಬೆಂಚಿನಲ್ಲಿ ಅತ್ತಿಗೆ ಮತ್ತು ಅವರ ತಾಯಿ. ಅಣ್ಣನ ಬೆರಳುಗಳಲ್ಲಿ ಹಿಂದಿನ ದಿನದ ಹುಳದ ಅಂಟು ಇನ್ನೂ ಹೋಗಿರಲಿಲ್ಲ, ಉಜ್ಜುತ್ತಾ ಕುಳಿತಿದ್ದ. ಹತ್ತು ನಿಮಿಷವೂ ಆಗಿರಲಿಲ್ಲ, ಬಾಗಿಲು ತೆರೆಯಿತು. ಸಿಂಚನ ಬಹುಮಾನ ಗೆದ್ದವಳಂತೆ ನನ್ನ ಕಡೆಗೇ ಓಡಿಬಂದಳು.

"ಅತ್ತೆ, ಒಂದೂ ತಪ್ಪಿಲ್ದಂಗೆ ಹೇಳ್ದೆ. ಕೈ ಹಿಂದೆ ಕಟ್ಕೊಂಡೇ ಇದ್ದೆ. ಕೊನೇಲಿ ಧನ್ಯವಾದ ಅಂತಾನೂ ಅಂದೆ."

ಆ ಬೆಂಚಿಗೂ ಅದು ಕೇಳಿಸಿತು. ಅತ್ತಿಗೆ ನನ್ನನ್ನು ನೋಡಿದರು. ಕೋಪವಿದ್ದರೆ ಎದುರಿಸುತ್ತಿದ್ದೆ. ಅವರು ಪಾಠ ಮಾಡುವವರು, ಮಕ್ಕಳ ಬಾಯಿಪಾಠ ಎಂಥದೆಂದು ಬಲ್ಲವರು. ಆಯಾಸದಿಂದ ಮುಖ ಆಚೆ ತಿರುಗಿಸಿದರು.

ಒಳಗೆ ಕರೆದಾಗ ನ್ಯಾಯಾಧೀಶರು ಅಣ್ಣನನ್ನು ಕೇಳಿದ್ದು ಒಂದೇ ಪ್ರಶ್ನೆ. ಮಗುವಿಗೆ ಇದನ್ನು ಹೇಳಿಕೊಟ್ಟವರು ಯಾರು? ನಾನು ವಕೀಲರ ಹಿಂದಿನ ಸಾಲಿನಲ್ಲಿದ್ದೆ. ಅಣ್ಣ ತಿರುಗಿ ನೋಡಲಿಲ್ಲ. ನೆಲ ನೋಡುತ್ತಾ ನಿಂತ. ನಾನು ಎದ್ದು ನಿಂತು ನಾನೇ ಎನ್ನಬಹುದಿತ್ತು. ಸಭೆಯಲ್ಲಿ ಎದ್ದು ನಿಂತು ಮಾತಾಡುವುದೇ ನಾನು ಕಲಿತ ಒಂದೇ ವಿದ್ಯೆ. ಕುಳಿತೇ ಇದ್ದೆ. ಆದೇಶದಲ್ಲಿ ಹೀಗೆ ಬಂತು: ಮಗು ಆಡಿದ್ದು ಅದರ ವಯಸ್ಸಿನ ಮಾತಲ್ಲ, ತಂದೆಯ ಕಡೆಯಿಂದ ಹೇಳಿಕೊಟ್ಟಂತೆ ತೋರುತ್ತದೆ, ಆದ್ದರಿಂದ ರಾತ್ರಿ ಉಳಿಯುವ ಕೋರಿಕೆ ಸದ್ಯ ಇಲ್ಲ, ಮುಂದಿನ ಭೇಟಿಗಳು ಕೋರ್ಟಿನ ಮಕ್ಕಳ ಕೋಣೆಯಲ್ಲಿ, ಸಮಾಲೋಚಕರ ಎದುರಿನಲ್ಲಿ ನಡೆಯಲಿ. ಇದರಲ್ಲಿ ಯಾವ ವಾಕ್ಯ ಹೆಂಗಸರ ಕಡೆಯದು? ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ.

ಆ ಬೆಳೆ ಚೆನ್ನಾಗಿ ಬಂತು. ಗೂಡು ಗಟ್ಟಿಯಾಗಿತ್ತು, ಮಾರುಕಟ್ಟೆಯಲ್ಲಿ ನೋಡಿದವರೆಲ್ಲ ಹೊಗಳಿದರು. ಅಣ್ಣ ಅದರಲ್ಲಿ ಒಂದು ಹಿಡಿ ತೆಗೆದಿಟ್ಟು, ಮುಂದಿನ ಭೇಟಿಗೆ ಟಿಫನ್ ಡಬ್ಬಿಯಲ್ಲಿ ಹಾಕಿಕೊಂಡು ಹೋದ. ಮಕ್ಕಳ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಅಪ್ಪ ಮಗಳು ಒಂದೊಂದೇ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳಿದರಂತೆ. ನಾನು ಹೋಗಿರಲಿಲ್ಲ. ಸಮಾಲೋಚಕರು ನಗುತ್ತಿದ್ದರು ಎಂದು ಅಣ್ಣ ಬಂದು ಹೇಳಿದ. ಹೇಳಿಕೊಟ್ಟದ್ದು ಯಾರೆಂಬ ಮಾತನ್ನು ಅವನು ಅವತ್ತೂ ಎತ್ತಲಿಲ್ಲ, ಇವತ್ತಿನವರೆಗೂ ಎತ್ತಿಲ್ಲ. ಡೇರಿಯ ಮುಂದೆ ಲಾ ಹೆಂಗಸರ ಕಡೆ ಎಂದು ಯಾರಾದರೂ ಅಂದರೆ ಹೂಂ ಎಂದು ಹಾಲು ಅಳೆಸಿ ಬರುತ್ತಾನೆ. ಆ ಹೂಂ ನನಗೋಸ್ಕರ.

ಏಳೆಂಟು ತಿಂಗಳು ಹಾಗೆಯೇ ಕಳೆಯಿತು. ಆಮೇಲೊಂದು ಭಾನುವಾರ, ಯಾವ ಆದೇಶದಲ್ಲೂ ಇಲ್ಲದ ಭಾನುವಾರ, ಅತ್ತಿಗೆ ಮಗಳ ಕೈ ಹಿಡಿದು ನಮ್ಮೂರಿನ ಬಸ್ಸಿಳಿದರು. ಬಿಡುಗಡೆಯಾಗಿದ್ದರೂ ನನ್ನ ಬಾಯಿಗೆ ಅವರು ಅತ್ತಿಗೆಯೇ. ಒಳಗೆ ಬರಲಿಲ್ಲ. ಗೇಟಿನ ಬಳಿ ನಿಂತು, ಸಂಜೆ ಇವಳನ್ನು ಇವಳಪ್ಪನೇ ತಂದು ಬಿಡಲಿ ಎಂದರು. ಅವ್ವ ಒಳಗಿನಿಂದ ಒಂದು ಲೋಟ ನೀರು ತಂದು ಕೊಟ್ಟಳು. ಅತ್ತಿಗೆ ಕುಡಿದು ಲೋಟ ಹಿಂತಿರುಗಿಸಿದರು. ಬಸ್ಸು ಬರುವವರೆಗೆ ನಾನು ಜೊತೆಗಿದ್ದೆ.

"ರೂಪಾ, ನೀವು ಬರೆದ ಆ ಉತ್ತರ ನಾನು ನಾಲ್ಕು ಸಲ ಓದಿದೆ," ಎಂದರು. "ತಪ್ಪಾಯ್ತು ಅಂತ ಎಲ್ಲಾದರೂ ಒಂದು ಸಾಲು ಇದೆಯಾ ಅಂತ ಹುಡುಕ್ತಿದ್ದೆ. ಇದ್ದಿದ್ದರೆ ಅಲ್ಲಿಗೇ ಬಿಟ್ಟುಬಿಡ್ತಿದ್ದೆನೋ ಏನೋ."

ಆ ಸಾಲನ್ನು ಬರೆಯಲು ಅಣ್ಣ ಹೇಳಿದ್ದ ಎಂದು ನಾನು ಅವರಿಗೆ ಹೇಳಬೇಕಿತ್ತು. ಬಸ್ಸು ಬಂತು. ಹೇಳಲಿಲ್ಲ. ಬಸ್ಸು ಬಂದದ್ದು ನೆವ.

ಅಲ್ಲಿಂದ ಭಾನುವಾರಗಳು ಮತ್ತೆ ಶುರುವಾದವು, ಆಮೇಲೆ ಶನಿವಾರಗಳು, ಆಮೇಲೆ ಅರ್ಧ ರಜೆ. ಅರ್ಜಿಯಲ್ಲಿ ಕೇಳಿದ್ದೆಲ್ಲ ಅತ್ತಿಗೆಯ ಕೈಯಿಂದಲೇ ಸಿಕ್ಕಿತು. ಆದರೆ ಆ ನಡುವಿನ ತಿಂಗಳುಗಳಲ್ಲಿ ಸಿಂಚನಳ ಮುಂದಿನ ಎರಡು ಹಲ್ಲು ಬಿದ್ದು ಹುಟ್ಟಿದವು, ಸೈಕಲ್ಲು ತುಳಿಯುವುದನ್ನು ಅವಳು ಬೇರೆ ಯಾರಿಂದಲೋ ಕಲಿತಳು. ಅವು ಯಾವ ತಕರಾರು ಅರ್ಜಿಯಿಂದಲೂ ವಾಪಸು ಬರುವಂಥವಲ್ಲ.

ಈಗ ನಾನು ರಾಮನಗರದಲ್ಲೇ ವಕೀಲಿ ಮಾಡುತ್ತೇನೆ. ಮಗುವಿನ ಕೇಸು ಹಿಡಿದು ಅಪ್ಪಂದಿರು ಬರುತ್ತಾರೆ. ಲಾ ನಮ್ಮ ಕಡೆ ಇಲ್ಲವಲ್ಲ ಮೇಡಂ ಎಂದು ಶುರು ಮಾಡುತ್ತಾರೆ. ನಾನು ಕಾನೂನಿನ ಕಲಮು ಹೇಳುತ್ತೇನೆ, ಧೈರ್ಯ ಹೇಳುತ್ತೇನೆ, ಮಗುವಿಗೆ ಒಂದಕ್ಷರ ಹೇಳಿಕೊಡಬೇಡಿ ಎಂದು ಬೆರಳೆತ್ತಿ ಎಚ್ಚರಿಸುತ್ತೇನೆ. ಅದು ನನಗೆ ಹೇಗೆ ಗೊತ್ತು ಎಂದು ಅವರು ಕೇಳುವುದಿಲ್ಲ.

ಮೊನ್ನೆ ಹುಳುಮನೆಯ ಬಾಗಿಲಲ್ಲಿ ಸಿಂಚನ ಕೈ ಮೂಸಿಕೊಂಡು ಒಳಗೆ ಹೋದಳಲ್ಲ, ನಾನು ಸೊಪ್ಪಿನ ಮಂಕರಿ ಇಳಿಸಿ ಅವಳ ಪಕ್ಕ ಹೋಗಿ ನಿಂತೆ. ನಾಲ್ಕನೇ ಜ್ವರ ಎದ್ದ ಹುಳಗಳು ಮಳೆಯ ಸದ್ದು ಮಾಡುತ್ತಾ ತಿನ್ನುತ್ತಿದ್ದವು. ಅಣ್ಣ ಆ ತುದಿಯಲ್ಲಿದ್ದ. ಸಿಂಚನ ಒಂದು ಹುಳವನ್ನು ಅಂಗೈಗೆ ಹತ್ತಿಸಿಕೊಂಡು ನೋಡುತ್ತಿದ್ದಳು. ನಾನು ಈ ಮೂರು ವರ್ಷದಲ್ಲಿ ಯಾವ ಕೋರ್ಟಿನಲ್ಲೂ ತಯಾರಿ ಇಲ್ಲದೆ ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ. ಇದಕ್ಕೆ ಮಾತ್ರ ಯಾವ ತಯಾರಿಯೂ ಇರಲಿಲ್ಲ.

"ಸಿಂಚು, ಅವತ್ತು ಜಗಲಿ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟಾಗ, ನಾನು ಬೇರೆ ಹೇಳ್ಲಾ ಅಂತ ಕೇಳಿದ್ದೆಯಲ್ಲ. ಏನು ಹೇಳಬೇಕು ಅಂತಿದ್ದೆ?"